ಪಂಪ್‌ಹೌಸಿನ ಸ್ವಯಂಚಾಲಿತ ನಿಯಂತ್ರಣ: ರಿಲೇ ಮಾಡುವ ಕೆಲಸ, ಮಾಡಬಾರದ ಕೆಲಸ

ಕುಡಿಯುವ ನೀರಿನ ಪೂರೈಕೆ ಮತ್ತು ಬೀದಿ ದೀಪಗಳ ನಿರ್ವಹಣೆ ಗ್ರಾಮ ಪಂಚಾಯಿತಿಗಳ ನಿತ್ಯದ ಹೊಣೆಗಳು. ಈ ಎರಡರಲ್ಲಿಯೂ ದಿನವಹಿ ಸ್ವಿಚ್ಚು ಹಾಕುವ, ತೆಗೆಯುವ ಕೆಲಸವಿದೆ. ಮೂರು ಫೇಸ್ ವಿದ್ಯುತ್ತು ನಡುರಾತ್ರಿಯಲ್ಲಿ ಬಂದರೆ ನೀರುಗಂಟಿಯು ನಡುರಾತ್ರಿಯಲ್ಲಿಯೇ ಪಂಪ್‌ಹೌಸಿಗೆ ಹೋಗಬೇಕಾಗುತ್ತದೆ. ಓವರ್‌ಹೆಡ್ ಟ್ಯಾಂಕು ತುಂಬಿ ಹರಿಯತೊಡಗಿದ ಮೇಲೆ ಮೋಟಾರು ನಿಲ್ಲಿಸಲು ಮತ್ತೊಮ್ಮೆ ಹೋಗಬೇಕಾಗುತ್ತದೆ. ಮಳೆಗಾಲದಲ್ಲಿ ಕೆಸರು, ಹಾವು ಹುಳುಗಳ ನಡುವೆ ನಡೆಯುವ ಈ ಓಡಾಟವನ್ನು ತಪ್ಪಿಸುವ ಉದ್ದೇಶದಿಂದ ಮೈಕ್ರೋಕಂಟ್ರೋಲರ್ ಆಧಾರಿತ ಸ್ವಯಂಚಾಲಿತ ನಿಯಂತ್ರಕಗಳು ಈಗ ಗ್ರಾಮಗಳಿಗೆ ಬರುತ್ತಿವೆ. ಇವುಗಳಲ್ಲಿ ಕೆಲವು ಕಂಪನಿಗಳ ತಯಾರಿಕೆಗಳು. ಮತ್ತೆ ಕೆಲವು ಪಾಲಿಟೆಕ್ನಿಕ್ ಅಥವಾ ಐ.ಟಿ.ಐ. ವ್ಯಾಸಂಗ ಮಾಡಿದ ಸ್ಥಳೀಯ ಯುವಕರು ಆರ್ಡುಯಿನೊ, ಇಎಸ್‌ಪಿ32 ಮುಂತಾದ ಬೋರ್ಡುಗಳನ್ನು ಬಳಸಿ ಕೆಲವೇ ನೂರು ರೂಪಾಯಿಗಳ ವೆಚ್ಚದಲ್ಲಿ ಜೋಡಿಸಿದವು. ಇಂತಹ ಪ್ರಯತ್ನಗಳು ಪ್ರೋತ್ಸಾಹಕ್ಕೆ ಅರ್ಹವಾದವು. ಆದರೆ ಮೇಜಿನ ಮೇಲೆ ಒಂದು ಬಲ್ಬನ್ನು ಹೊತ್ತಿಸಿ ತೋರಿಸಿದ ಸಾಧನವನ್ನೇ ಹಾಗೆಯೇ ತಂದು 5 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಮೋಟಾರಿಗೆ ಜೋಡಿಸಿದಲ್ಲಿ ಆಗಬಹುದಾದ ಅನಾಹುತವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಮೊದಲ್ಗೊಂಡು ನೀರುಗಂಟಿಯವರೆಗೆ ಎಲ್ಲರೂ ಅರಿತಿರುವುದು ಅವಶ್ಯಕ. ಆ ಅನಾಹುತದ ಮೂಲ ಬಹುಪಾಲು ಒಂದೇ ಬಿಡಿಭಾಗದಲ್ಲಿದೆ. ಅದೇ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ನೀಲಿ ಬಣ್ಣದ ರಿಲೇ.

ರಿಲೇ ಎಂಬುದು ವಿದ್ಯುತ್ತಿನಿಂದ ಚಲಿಸುವ ಸ್ವಿಚ್ಚು. ಅದರೊಳಗೆ ತೆಳುವಾದ ತಾಮ್ರದ ತಂತಿಯ ಸುರುಳಿಯೊಂದಿದೆ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಕಬ್ಬಿಣದ ಸಣ್ಣ ಪಟ್ಟಿಯೊಂದನ್ನು ತನ್ನೆಡೆಗೆ ಸೆಳೆಯುತ್ತದೆ. ಆ ಪಟ್ಟಿಯು ಎರಡು ಲೋಹದ ಬಿಂದುಗಳನ್ನು ಕೂಡಿಸುತ್ತದೆ. ಸುರುಳಿಯ ವಿದ್ಯುತ್ತು ನಿಂತೊಡನೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆಳೆದು ಬಿಂದುಗಳನ್ನು ಬೇರ್ಪಡಿಸುತ್ತದೆ. ಆಗ ಕೇಳಿಬರುವ 'ಟಕ್' ಎಂಬ ಸದ್ದು ಈ ಪಟ್ಟಿಯದು. ಸುರುಳಿಯ ಬದಿಗೂ ಬಿಂದುಗಳ ಬದಿಗೂ ತಂತಿಯ ಸಂಬಂಧವಿಲ್ಲ. ನಡುವೆ ಇರುವುದು ಅಯಸ್ಕಾಂತದ ಸೆಳೆತ ಮಾತ್ರ. ಹೀಗಾಗಿ 5 ವೋಲ್ಟಿನ ಬದಿಯಲ್ಲಿರುವ ನಿಯಂತ್ರಕಕ್ಕೆ 230 ವೋಲ್ಟು ತಾಗದಂತೆ ಕೆಲಸ ನಡೆಯುತ್ತದೆ. ಹಿಂದೆ ಮೈಸೂರು ಸೀಮೆಯ ಅಂಚೆಯಲ್ಲಿ ಓಟಗಾರನೊಬ್ಬನು ತನ್ನ ಹರದಾರಿ ಮುಗಿಸಿ ಚೀಲವನ್ನು ದಣಿಯದ ಇನ್ನೊಬ್ಬ ಓಟಗಾರನಿಗೆ ಒಪ್ಪಿಸುತ್ತಿದ್ದಂತೆ, ತಂತಿ ಸಮಾಚಾರದ ಕಾಲದಲ್ಲಿ ದೂರದಿಂದ ಬಂದು ಕ್ಷೀಣಿಸಿದ ಸಂಕೇತವನ್ನು ಹೊಸ ಬ್ಯಾಟರಿಯ ಬಲದಿಂದ ಮುಂದಕ್ಕೆ ಕಳುಹಿಸಲು ರಿಲೇ ಬಳಕೆಗೆ ಬಂದಿತು. ಬಲವಿಲ್ಲದವನು ಬಲವುಳ್ಳವನಿಗೆ ಸುದ್ದಿ ಮುಟ್ಟಿಸುವ ಈ ಕ್ರಮವೇ ಮುಂದಿನ ವಿವರಣೆಗೆಲ್ಲ ಆಧಾರ.

ಮೈಕ್ರೋಕಂಟ್ರೋಲರಿನ ಬಲ ಎಷ್ಟು ಕಡಿಮೆ ಎಂಬುದನ್ನು ಅಂಕಿಗಳಲ್ಲಿ ನೋಡಬಹುದು. ಸಾಮಾನ್ಯವಾಗಿ ದೊರೆಯುವ 5 ವೋಲ್ಟಿನ ನೀಲಿ ರಿಲೇಯ ಸುರುಳಿಯ ರೋಧವು ಸುಮಾರು 70 ಓಮ್. ಎಂದರೆ ಅದಕ್ಕೆ ಸುಮಾರು 71 ಮಿಲಿಆಂಪಿಯರ್ ವಿದ್ಯುತ್ತು ಬೇಕು. ಆರ್ಡುಯಿನೊ ಊನೋದ ಒಂದು ಪಿನ್ನಿನಿಂದ ನಿರಂತರವಾಗಿ ಪಡೆಯಬಹುದಾದದ್ದು ಸುಮಾರು 20 ಮಿಲಿಆಂಪಿಯರ್. 40 ದಾಟಿದರೆ ಚಿಪ್ಪು ಹಾಳಾಗುವ ಸಂಭವವಿದೆ. ಹೀಗಾಗಿ ರಿಲೇಯ ಸುರುಳಿಯನ್ನು ಕೂಡ ಪಿನ್ನಿಗೆ ನೇರವಾಗಿ ಜೋಡಿಸುವಂತಿಲ್ಲ. ನಡುವೆ ಒಂದು ಟ್ರಾನ್ಸಿಸ್ಟರ್ ಬೇಕು. ಸುರುಳಿಯ ವಿದ್ಯುತ್ತು ತಟಕ್ಕನೆ ನಿಂತಾಗ ಅದರಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜು ಟ್ರಾನ್ಸಿಸ್ಟರನ್ನು ಸುಡದಂತೆ ಸುರುಳಿಗೆ ಅಡ್ಡಲಾಗಿ ಒಂದು ಡಯೋಡು ಬೇಕು. ಇವೆರಡನ್ನೂ ರಿಲೇಯ ಜೊತೆಗೆ ಒಂದೇ ಹಲಗೆಯ ಮೇಲೆ ಕೂರಿಸಿ ಮಾರುವುದನ್ನೇ ರಿಲೇ ಮಾಡ್ಯೂಲ್ ಎನ್ನುತ್ತಾರೆ. ಅನೇಕ ಮಾಡ್ಯೂಲುಗಳಲ್ಲಿ ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೋಕಪ್ಲರ್ ಸಹ ಇರುತ್ತದೆ. ಅದರಿಂದ ನಿಯಂತ್ರಕಕ್ಕೆ ಎರಡನೆಯ ರಕ್ಷಣೆ ದೊರೆಯುತ್ತದೆಂದು ಹೇಳುವುದುಂಟು. ಆದರೆ ನಿಯಂತ್ರಕಕ್ಕೂ ರಿಲೇ ಸುರುಳಿಗೂ ಒಂದೇ 5 ವೋಲ್ಟಿನ ಪೂರೈಕೆ ಕೊಟ್ಟು, ಮಾಡ್ಯೂಲಿನ ಮೇಲಿರುವ ಚಿಕ್ಕ ಜಂಪರನ್ನು ತೆಗೆಯದೆ ಬಿಟ್ಟಲ್ಲಿ ಆ ರಕ್ಷಣೆ ಹೆಸರಿಗೆ ಮಾತ್ರ ಉಳಿಯುತ್ತದೆ. ಜಂಪರ್ ತೆಗೆದು ಸುರುಳಿಗೆ ಪ್ರತ್ಯೇಕ ಪೂರೈಕೆ ಕೊಟ್ಟಾಗಲೇ ಅದು ನಿಜವಾಗುತ್ತದೆ.

ಇಲ್ಲಿ ಗಮನಕ್ಕೆ ಬಾರದ ಒಂದು ಅಂಶವಿದೆ. ಮಾರುಕಟ್ಟೆಯ ಬಹಳಷ್ಟು ಮಾಡ್ಯೂಲುಗಳು ತಿರುಗುಮುರುಗಾಗಿ ವರ್ತಿಸುತ್ತವೆ: ಪಿನ್ನಿನ ವೋಲ್ಟೇಜು ಇಳಿದಾಗ ರಿಲೇ ಹಿಡಿಯುತ್ತದೆ, ಏರಿದಾಗ ಬಿಡುತ್ತದೆ. ಪ್ರೋಗ್ರಾಮ್ ಬರೆದವರು ಪಿನ್ನನ್ನು ಮೊದಲು ಔಟ್‌ಪುಟ್ ಎಂದು ಘೋಷಿಸಿ ಅನಂತರ ಅದರ ಸ್ಥಿತಿಯನ್ನು ಏರಿಸಿದಲ್ಲಿ, ನಡುವಿನ ಅಲ್ಪ ಕಾಲದಲ್ಲಿ ಪಿನ್ನು ಇಳಿದ ಸ್ಥಿತಿಯಲ್ಲಿದ್ದು ರಿಲೇಗೆ ಚಾಲನೆ ದೊರೆಯುತ್ತದೆ. ಕೆಲವು ಬೋರ್ಡುಗಳಲ್ಲಿ ಆರಂಭದ ವೇಳೆ ಕೆಲ ಪಿನ್ನುಗಳು ತಾವಾಗಿಯೇ ಏರಿಳಿಯುವುದೂ ಉಂಟು. ಮೇಜಿನ ಮೇಲಿನ ಬಲ್ಬಿಗೆ ಇದು ಒಂದು ಮಿಣುಕು ಮಾತ್ರ. ದಿನಕ್ಕೆ ಹತ್ತು ಬಾರಿ ವಿದ್ಯುತ್ತು ಹೋಗಿ ಬರುವ ಊರಿನ ಪಂಪ್‌ಹೌಸಿನಲ್ಲಿ ಮಾತ್ರ ಪ್ರತಿ ಬಾರಿಯೂ ಮೋಟಾರಿಗೆ ಒಂದು ಒದೆತ ಬಿದ್ದಂತೆ. ಪಿನ್ನಿನ ಸ್ಥಿತಿಯನ್ನು ಮೊದಲು ಏರಿಸಿ, ಅನಂತರ ಔಟ್‌ಪುಟ್ ಎಂದು ಘೋಷಿಸುವುದು ಹಾಗೂ ಪಿನ್ನಿಗೆ 10 ಕಿಲೋಓಮಿನ ರೋಧಕವೊಂದನ್ನು ಕಟ್ಟಿ ಅದು 'ಆಫ್' ಸ್ಥಿತಿಯಲ್ಲಿಯೇ ನಿಲ್ಲುವಂತೆ ಮಾಡುವುದು ಇದಕ್ಕೆ ಪರಿಹಾರ. ವಿದ್ಯುತ್ತು ಮರಳಿದ ಮೇಲೆ ಮೋಟಾರು ತಕ್ಷಣ ಹೊರಡದಂತೆ ಎರಡು ಮೂರು ನಿಮಿಷಗಳ ತಡೆಯನ್ನು ಪ್ರೋಗ್ರಾಮಿನಲ್ಲಿ ಇರಿಸುವುದೂ ಅಗತ್ಯ. ಕೊಳವೆ ಬಾವಿಯ ಪೈಪಿನಲ್ಲಿ ನಿಂತ ನೀರು ಕೆಳಗಿಳಿಯುವಾಗ ಪಂಪು ಹಿಮ್ಮುಖವಾಗಿ ತಿರುಗುತ್ತಿರುವ ಸಾಧ್ಯತೆಯಿದ್ದು, ಅದೇ ಗಳಿಗೆಯಲ್ಲಿ ಚಾಲನೆ ದೊರೆತರೆ ಶಾಫ್ಟಿನ ಮೇಲೆ ಬೀಳುವ ಹೊರೆ ಅತಿಯಾಗುತ್ತದೆ. ಒಂದೇ ಟ್ರಾನ್ಸ್‌ಫಾರ್ಮರಿನಡಿ ಇರುವ ಪಂಪ್‌ಹೌಸುಗಳಿಗೆ ಬೇರೆ ಬೇರೆ ತಡೆಯ ಅವಧಿ ಕೊಟ್ಟಲ್ಲಿ ಎಲ್ಲ ಮೋಟಾರುಗಳೂ ಏಕಕಾಲಕ್ಕೆ ಎದ್ದು ವೋಲ್ಟೇಜನ್ನು ಕುಸಿಯುವಂತೆ ಮಾಡುವುದೂ ತಪ್ಪುತ್ತದೆ.

ಇನ್ನು ಮುಖ್ಯ ವಿಷಯ. ನೀಲಿ ರಿಲೇಯ ನೆತ್ತಿಯ ಮೇಲೆ '10 ಆಂಪಿಯರ್, 250 ವೋಲ್ಟ್' ಎಂದು ಮುದ್ರಿತವಾಗಿರುತ್ತದೆ. ಮೋಟಾರಿನ ನಾಮಫಲಕದಲ್ಲಿ 8 ಆಂಪಿಯರ್ ಎಂದಿರುತ್ತದೆ. ಹತ್ತಕ್ಕಿಂತ ಎಂಟು ಕಡಿಮೆಯಾದ್ದರಿಂದ ರಿಲೇ ಸಾಕೆಂದು ಲೆಕ್ಕ ಹಾಕುವುದು ಸಹಜ. ಈ ಲೆಕ್ಕವೇ ತಪ್ಪು. ರಿಲೇಯ ಮೇಲಿನ ಅಂಕಿ ಹೀಟರಿನಂತಹ, ಏರುಪೇರಿಲ್ಲದ ಹೊರೆಗೆ ಸಂಬಂಧಿಸಿದ್ದು. ಮೋಟಾರು ನಿಂತ ಸ್ಥಿತಿಯಿಂದ ಏಳುವಾಗ ತನ್ನ ಸಾಮಾನ್ಯ ವಿದ್ಯುತ್ತಿನ ಐದರಿಂದ ಏಳು ಪಟ್ಟು ಎಳೆಯುತ್ತದೆ. 5 ಅಶ್ವಶಕ್ತಿಯ ಮೂರು ಫೇಸ್ ಮೋಟಾರಿನಲ್ಲಿ ಇದು 40 ಆಂಪಿಯರ್ ಮೀರುತ್ತದೆ. ಕಿರು ನೀರು ಸರಬರಾಜು ಯೋಜನೆಯ 1 ಅಶ್ವಶಕ್ತಿಯ ಸಿಂಗಲ್ ಫೇಸ್ ಪಂಪು ಕೂಡ ಏಳುವಾಗ 10 ಆಂಪಿಯರಿನ ಗಡಿಯನ್ನು ಬಹಳವಾಗಿ ದಾಟುತ್ತದೆ. ರಿಲೇಯ ಬಿಂದುಗಳು ಕೂಡುವ ಕ್ಷಣದಲ್ಲಿ ಒಂದೆರಡು ಬಾರಿ ಪುಟಿಯುತ್ತವೆ. ಆ ಪುಟಿತದಲ್ಲಿ ಹೊಮ್ಮುವ ಕಿಡಿಯು ಲೋಹವನ್ನು ಕರಗಿಸುತ್ತದೆ. ಕರಗಿದ ಲೋಹ ಆರಿದಾಗ ಎರಡು ಬಿಂದುಗಳೂ ಬೆಸುಗೆ ಹಾಕಿದಂತೆ ಅಂಟಿಕೊಳ್ಳುತ್ತವೆ.

ಅಂಟಿಕೊಂಡ ರಿಲೇ ಸುಟ್ಟುಹೋದ ರಿಲೇಗಿಂತ ಅಪಾಯಕಾರಿ. ಸುಟ್ಟರೆ ಪಂಪು ಹೊರಡುವುದಿಲ್ಲ, ಜನರು ನೀರಿಲ್ಲವೆಂದು ಪಂಚಾಯಿತಿಗೆ ಬರುತ್ತಾರೆ, ದುರಸ್ತಿಯಾಗುತ್ತದೆ. ಅಂಟಿಕೊಂಡರೆ ನಿಯಂತ್ರಕವು 'ನಿಲ್ಲು' ಎಂದು ಆಜ್ಞೆ ಕೊಟ್ಟಿರುತ್ತದೆ, ಮಾಡ್ಯೂಲಿನ ಕೆಂಪು ದೀಪ ಆರಿರುತ್ತದೆ, ಫೋನಿನ ಪರದೆಯಲ್ಲಿ 'ಆಫ್' ಎಂದು ಮೂಡಿರುತ್ತದೆ; ಮೋಟಾರು ಮಾತ್ರ ತಿರುಗುತ್ತಲೇ ಇರುತ್ತದೆ. ಬಾವಿಯಲ್ಲಿ ನೀರು ಇಳಿದಿದ್ದರೆ ಒಣಗಿ ಓಡಿ ಸುರುಳಿ ಸುಡುತ್ತದೆ. ನೂರಾರು ಅಡಿ ಆಳದಿಂದ ಮೋಟಾರು ಎತ್ತಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವವರೆಗೆ ಊರಿಗೆ ಟ್ಯಾಂಕರ್ ನೀರೇ ಗತಿ.

ಆದುದರಿಂದ ರಿಲೇಗೆ ಮೋಟಾರಿನ ಹೊರೆಯನ್ನು ಹೊರಿಸದೆ ಕಾಂಟ್ಯಾಕ್ಟರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನಷ್ಟೇ ವಹಿಸತಕ್ಕದ್ದು. ಪಂಪ್‌ಹೌಸಿನ ಸ್ಟಾರ್ಟರಿನೊಳಗೆ ಈಗಾಗಲೇ ಇರುವ ಕಾಂಟ್ಯಾಕ್ಟರು ಸಹ ಒಂದು ರಿಲೇಯೇ. ಆದರೆ ಅದರ ಬಿಂದುಗಳು ಅಗಲವಾದವು, ಸ್ಪ್ರಿಂಗು ಬಲವಾದದ್ದು, ಕಿಡಿಯನ್ನು ತಣಿಸುವ ವ್ಯವಸ್ಥೆಯುಳ್ಳದ್ದು. ಅದನ್ನು ಕೊಳ್ಳುವಾಗ ಫಲಕದ ಮೇಲೆ ಎರಡು ಅಂಕಿಗಳಿರುವುದನ್ನು ಗಮನಿಸಬೇಕು: ಎ.ಸಿ.-1 ಎಂಬುದು ಹೀಟರಿನಂತಹ ಹೊರೆಗೆ, ಎ.ಸಿ.-3 ಎಂಬುದು ಮೋಟಾರಿಗೆ. ಮೋಟಾರಿಗೆ ನೋಡಬೇಕಾದದ್ದು ಎರಡನೆಯದನ್ನು ಮಾತ್ರ. ಈ ಗಾತ್ರದ ಕಾಂಟ್ಯಾಕ್ಟರಿನ ಕಾಯಿಲ್ ಎಳೆದುಕೊಳ್ಳುವ ಗಳಿಗೆಯಲ್ಲಿ ಸುಮಾರು 0.3 ಆಂಪಿಯರನ್ನೂ, ಹಿಡಿದ ಮೇಲೆ ಅದರ ಸಣ್ಣದೊಂದು ಪಾಲನ್ನೂ ಬೇಡುತ್ತದೆ. ನೀಲಿ ರಿಲೇಗೆ ಇದು ಹೊರೆಯೇ ಅಲ್ಲ, ವರ್ಷಗಟ್ಟಲೆ ಬಾಳುತ್ತದೆ.

ಆದರೂ ಒಂದು ಎಚ್ಚರಿಕೆ ಉಳಿಯಿತು. ನಮ್ಮ ಕಡೆಯ ಮೂರು ಫೇಸ್ ಸ್ಟಾರ್ಟರುಗಳಲ್ಲಿ ಅನೇಕವು ನ್ಯೂಟ್ರಲ್ ತಂತಿ ಇಲ್ಲದ ಪಂಪ್‌ಸೆಟ್ಟುಗಳಿಗಾಗಿ ತಯಾರಾದವು. ಅವುಗಳ ಕಾಯಿಲ್ ಎರಡು ಫೇಸುಗಳ ನಡುವೆ, ಅಂದರೆ 415 ವೋಲ್ಟಿನಲ್ಲಿ, ಕೆಲಸ ಮಾಡುತ್ತದೆ. ನೀಲಿ ರಿಲೇ 250 ವೋಲ್ಟಿಗೆ ಮೀರಿದ್ದಲ್ಲ. ಆಂಪಿಯರ್ ಕಡಿಮೆ ಎಂಬ ಕಾರಣಕ್ಕೆ 415 ವೋಲ್ಟನ್ನು ಅದರ ಮೂಲಕ ಹಾಯಿಸಿದಲ್ಲಿ ಬಿಂದುಗಳ ನಡುವೆಯೂ, ಹಲಗೆಯ ತಳದ ಬೆಸುಗೆಗಳ ನಡುವೆಯೂ ಕಿಡಿ ಹಾರುವ ಸಂಭವವಿದೆ. ಕಾಯಿಲಿನ ಮೇಲೆ ಮುದ್ರಿತವಾದ ವೋಲ್ಟೇಜನ್ನು ಓದಿ, 415 ಎಂದಿದ್ದರೆ 230 ವೋಲ್ಟಿನ ಕಾಯಿಲನ್ನು ಬದಲಾಯಿಸಿ ಹಾಕಿಸಬೇಕು; ನ್ಯೂಟ್ರಲ್ ಇಲ್ಲದಿದ್ದಲ್ಲಿ 415 ವೋಲ್ಟಿಗೆ ತಕ್ಕ ಮಧ್ಯವರ್ತಿ ಕಾಂಟ್ಯಾಕ್ಟರೊಂದನ್ನು ಬಳಸಬೇಕು. ಹಳೆಯ ಸ್ಟಾರ್ಟರಿನಲ್ಲಿ ಅಕ್ಷರ ಅಳಿಸಿಹೋಗಿದ್ದರೆ ಊಹೆಯ ಮೇಲೆ ನಡೆಯದೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದ ಅಳೆಯಿಸುವುದೇ ಸರಿ.

ರಿಲೇಯ ಹೊರಬದಿಗೆ ಮೂರು ತಿರುಪುಗಳಿವೆ: ನಡುವಿನದು ಕಾಮನ್, ಇಕ್ಕೆಲಗಳಲ್ಲಿ ಎನ್.ಓ. ಮತ್ತು ಎನ್.ಸಿ. ಸುರುಳಿಗೆ ವಿದ್ಯುತ್ತು ಇಲ್ಲದಾಗ ಎನ್.ಓ. ತೆರೆದಿರುತ್ತದೆ, ಎನ್.ಸಿ. ಕೂಡಿರುತ್ತದೆ. ಯಾವುದಕ್ಕೆ ತಂತಿ ಕಟ್ಟಬೇಕೆಂಬುದನ್ನು ನಿಯಂತ್ರಕವು ಕೆಟ್ಟು ನಿಂತಾಗ ಏನಾಗಬೇಕು ಎಂಬ ಪ್ರಶ್ನೆಯಿಂದ ನಿರ್ಧರಿಸಬೇಕು. ಪಂಪಿನ ವಿಷಯದಲ್ಲಿ ಉತ್ತರ ಸ್ಪಷ್ಟ: ನಿಯಂತ್ರಕ ಸತ್ತರೆ ಮೋಟಾರು ನಿಲ್ಲಬೇಕು. ಆದ್ದರಿಂದ ಎನ್.ಓ. ಜೊತೆಗೆ ಪ್ಯಾನಲ್ ಬೋರ್ಡಿನಲ್ಲಿ 'ಆಟೋ – ಮ್ಯಾನ್ಯುಯಲ್' ಎಂಬ ಆಯ್ಕೆಯ ಸ್ವಿಚ್ಚು ಇರಲೇಬೇಕು. ನಿಯಂತ್ರಕ ಕೈಕೊಟ್ಟ ದಿನ ನೀರುಗಂಟಿಯು ಮ್ಯಾನ್ಯುಯಲ್‌ಗೆ ತಿರುಗಿಸಿ ಹಸಿರು ಗುಂಡಿ ಒತ್ತಿ ಊರಿಗೆ ನೀರು ಬಿಡುವಂತಿರಬೇಕು. ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ ಹಾಗೂ ಕೆಂಪು ಗುಂಡಿ ಈ ಮೂರೂ ಎರಡೂ ಸ್ಥಿತಿಗಳಲ್ಲಿ ಕಾಯಿಲಿನ ದಾರಿಯಲ್ಲಿ ಸರಣಿಯಾಗಿ ಉಳಿಯತಕ್ಕದ್ದು. ಸ್ವಯಂಚಾಲಿತ ಸಾಧನ ಬಂದಿತೆಂದು ಇವುಗಳನ್ನು ಬೈಪಾಸ್ ಮಾಡುವುದು ಮೋಟಾರನ್ನು ಕೈಯಾರೆ ಸುಟ್ಟಂತೆಯೇ. ಓವರ್‌ಲೋಡ್ ರಿಲೇಯಲ್ಲಿ ರೀಸೆಟ್ ಆಯ್ಕೆ ಇದ್ದಲ್ಲಿ ಅದನ್ನು ಆಟೋದಲ್ಲಿ ಇಡದೆ ಮ್ಯಾನ್ಯುಯಲ್‌ನಲ್ಲಿ ಇಡಬೇಕು. ಇಲ್ಲವಾದರೆ ಟ್ರಿಪ್ ಆದ ಮೋಟಾರನ್ನು ನಿಯಂತ್ರಕವು ಮತ್ತೆ ಮತ್ತೆ ಎಬ್ಬಿಸುತ್ತದೆ. ಮೋಟಾರು ನಿಜವಾಗಿಯೂ ಓಡುತ್ತಿದೆಯೇ ಎಂಬುದನ್ನು ನಿಯಂತ್ರಕಕ್ಕೆ ತಿಳಿಸಲು ಮೋಟಾರಿನ ತಂತಿಗೆ ಕರೆಂಟ್ ಸೆನ್ಸರೊಂದನ್ನು ಅಳವಡಿಸುವುದು ಸೂಕ್ತ. ಆಗ ಫೋನಿಗೆ ಹೋಗುವ ಸಂದೇಶವು ಕೊಟ್ಟ ಆಜ್ಞೆಯನ್ನಲ್ಲದೆ ನಡೆದ ಸಂಗತಿಯನ್ನು ಹೇಳುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೂ ಉಳಿಯುವ ಅಪಾಯವೊಂದಿದೆ. ಅದು ಯಂತ್ರದ್ದಲ್ಲ, ಮನುಷ್ಯನ ಜೀವದ್ದು. ಹಳೆಯ ಕ್ರಮದಲ್ಲಿ ಮೋಟಾರು ಹೊರಡಬೇಕಾದರೆ ಯಾರಾದರೂ ಬಂದು ಗುಂಡಿ ಒತ್ತಬೇಕಿತ್ತು. ಪಂಪ್‌ಹೌಸಿನಲ್ಲಿ ತಾನೊಬ್ಬನೇ ಇದ್ದೇನೆ ಎಂಬುದೇ ನೀರುಗಂಟಿಗೆ ಒಂದು ರಕ್ಷಣೆಯಾಗಿತ್ತು. ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಆ ರಕ್ಷಣೆ ಇಲ್ಲ. ಆತನು ಸ್ಟಾರ್ಟರಿನ ಮುಚ್ಚಳ ತೆಗೆದು ಇರುವೆಗಳನ್ನು ಗುಡಿಸುತ್ತಿರುವಾಗ, ಅಥವಾ ಕೇಬಲ್ ಜಾಯಿಂಟಿಗೆ ಟೇಪು ಸುತ್ತುತ್ತಿರುವಾಗ, ಟೈಮರಿನ ಗಳಿಗೆ ಕೂಡಿಬರಬಹುದು. ಟ್ಯಾಂಕಿನ ಫ್ಲೋಟ್ ಕೆಳಗಿಳಿಯಬಹುದು. ಪಂಚಾಯಿತಿ ಕಚೇರಿಯಲ್ಲಿ ಯಾರೋ ಫೋನಿನ ಗುಂಡಿ ಒತ್ತಬಹುದು. 'ಆಫ್ ಇದೆ' ಎಂಬ ಪರದೆಯ ಮಾತನ್ನು ನಂಬಿ ತಂತಿ ಮುಟ್ಟುವುದು ಎಂದಿಗೂ ಸಲ್ಲದು. ರಿಲೇಯಾಗಲೀ ಕಾಂಟ್ಯಾಕ್ಟರಾಗಲೀ ಬಿಟ್ಟ ಸ್ಥಿತಿಯಲ್ಲಿದ್ದರೂ ಅದರ ಒಂದು ಬದಿಯಲ್ಲಿ ವಿದ್ಯುತ್ತು ಕಾದು ನಿಂತೇ ಇರುತ್ತದೆ. ನೀಲಿ ರಿಲೇಯ ಬಿಂದುಗಳ ನಡುವಣ ಅಂತರವಂತೂ ಕೂದಲೆಳೆಗಳ ಲೆಕ್ಕದ್ದು. ಮುಚ್ಚಳ ತೆಗೆಯುವ ಮುನ್ನ ಮೇನ್ ಸ್ವಿಚ್ಚನ್ನು ಇಳಿಸಿ, ಫ್ಯೂಸ್ ಕ್ಯಾರಿಯರುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡು, ಅಥವಾ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ತನ್ನಲ್ಲಿಯೇ ಇಟ್ಟುಕೊಂಡು, ಟೆಸ್ಟರಿನಿಂದ ಮೂರೂ ಫೇಸುಗಳನ್ನು ಪರೀಕ್ಷಿಸಿದ ಮೇಲೆಯೇ ಕೈ ಹಾಕಬೇಕು. 'ಈ ಮೋಟಾರು ಯಾವುದೇ ಕ್ಷಣದಲ್ಲಿ ತಾನಾಗಿಯೇ ಚಾಲನೆಗೊಳ್ಳುತ್ತದೆ' ಎಂಬ ಫಲಕವನ್ನು ಪಂಪ್‌ಹೌಸಿನ ಬಾಗಿಲಿನಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆಯಿಸುವುದಕ್ಕೆ ತಗಲುವ ಖರ್ಚು ಅತ್ಯಲ್ಪ.

ಮಾಡ್ಯೂಲನ್ನು ಕೂರಿಸುವ ಪೆಟ್ಟಿಗೆಯ ಬಗೆಗೂ ಎರಡು ಮಾತು. ಹಲಗೆಯ ತಳಭಾಗದಲ್ಲಿ 230 ವೋಲ್ಟಿನ ಬೆಸುಗೆಗಳು ಬರಿದಾಗಿಯೇ ಇರುತ್ತವೆ. ಅದನ್ನು ಕಬ್ಬಿಣದ ಪೆಟ್ಟಿಗೆಯ ತಳಕ್ಕೆ ನೇರವಾಗಿ ತಿರುಪು ಹಾಕಿ ಬಿಗಿಯುವುದು, ಸಿಹಿತಿಂಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗೋಡೆಗೆ ನೇತುಹಾಕುವುದು ಎರಡೂ ಕಂಡುಬರುವ ಅಭ್ಯಾಸಗಳು, ಎರಡೂ ಕೂಡದು. ಎತ್ತರದ ಪ್ಲಾಸ್ಟಿಕ್ ಕಂಬಗಳ ಮೇಲೆ ಹಲಗೆಯನ್ನು ನಿಲ್ಲಿಸಿ, ಕಡಿಮೆ ವೋಲ್ಟಿನ ತಂತಿಗಳನ್ನು ಒಂದು ಕಡೆಯಿಂದಲೂ ಹೆಚ್ಚು ವೋಲ್ಟಿನವನ್ನು ಇನ್ನೊಂದು ಕಡೆಯಿಂದಲೂ ತಂದು, ರಬ್ಬರ್ ಗ್ಯಾಸ್ಕೆಟ್ ಇರುವ ಪೆಟ್ಟಿಗೆಯಲ್ಲಿ ಮುಚ್ಚಬೇಕು. ತಂತಿ ಹೋಗುವ ರಂಧ್ರಗಳನ್ನು ಗ್ಲ್ಯಾಂಡ್ ಹಾಕಿ ಬಿಗಿಯದಿದ್ದರೆ ಹಲ್ಲಿ, ಇರುವೆಗಳು ಬೆಚ್ಚಗಿನ ಜಾಗವೆಂದು ಒಳಸೇರುತ್ತವೆ. ಕಾಂಟ್ಯಾಕ್ಟರು ಬಿಟ್ಟಾಗಲೆಲ್ಲ ನಿಯಂತ್ರಕವು ತಾನಾಗಿ ರೀಸೆಟ್ ಆಗುತ್ತಿದ್ದರೆ ಪ್ರೋಗ್ರಾಮನ್ನು ದೂರುವ ಮುನ್ನ ಕಾಯಿಲಿನ ಎರಡು ತುದಿಗಳಿಗೆ ಅಡ್ಡಲಾಗಿ 100 ಓಮ್ ರೋಧಕ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ದರ್ಜೆಯ ಕೆಪಾಸಿಟರಿನ ಸರಣಿಯನ್ನು ಕಟ್ಟಿಸಿ ನೋಡುವುದು. ಕಾಯಿಲಿನಿಂದ ಏಳುವ ವೋಲ್ಟೇಜಿನ ನೆಗೆತವೇ ಬಹುತೇಕ ಇದಕ್ಕೆ ಕಾರಣವಾಗಿರುತ್ತದೆ.

ಬೀದಿ ದೀಪಗಳ ವಿಷಯ ಇಷ್ಟು ಗಂಭೀರವಲ್ಲವಾದರೂ ಅಲ್ಲಿಯೂ ಲೆಕ್ಕ ತಪ್ಪುವುದುಂಟು. 30 ವ್ಯಾಟಿನ 20 ಎಲ್.ಇ.ಡಿ. ದೀಪಗಳು ಸೇರಿ 600 ವ್ಯಾಟ್, ಅಂದರೆ ಮೂರು ಆಂಪಿಯರಿಗೂ ಕಡಿಮೆ. ಆದರೆ ಪ್ರತಿ ದೀಪದ ಡ್ರೈವರಿನೊಳಗಿನ ಕೆಪಾಸಿಟರು ಖಾಲಿಯಿದ್ದು, ಸ್ವಿಚ್ಚು ಕೂಡಿದ ಕ್ಷಣದಲ್ಲಿ ಇಪ್ಪತ್ತೂ ಒಟ್ಟಿಗೆ ವಿದ್ಯುತ್ತನ್ನು ಹೀರುತ್ತವೆ. ಆ ಕ್ಷಣಿಕ ಸೆಳೆತಕ್ಕೆ ನೀಲಿ ರಿಲೇಯ ಬಿಂದುಗಳು ಅಂಟಿ, ದೀಪಗಳು ಹಗಲೆಲ್ಲ ಉರಿಯುತ್ತವೆ; ವಿದ್ಯುತ್ ಬಿಲ್ಲು ಬಂದಾಗಲೇ ಅದು ತಿಳಿಯುವುದು. ಇಲ್ಲಿಯೂ ನಡುವೆ ಕಾಂಟ್ಯಾಕ್ಟರು ಇರತಕ್ಕದ್ದು. ಇನ್ನು ಕಿಡಿ ತಣಿಸಲೆಂದು ರಿಲೇಯ ಬಿಂದುಗಳಿಗೇ ಅಡ್ಡಲಾಗಿ ಮೇಲೆ ಹೇಳಿದ ಕೆಪಾಸಿಟರನ್ನು ಕಟ್ಟಿದಲ್ಲಿ ಅದರ ಮೂಲಕ ಸುಮಾರು 7 ಮಿಲಿಆಂಪಿಯರ್ ಸೋರಿ, ಆರಿಸಿದ ಎಲ್.ಇ.ಡಿ. ದೀಪಗಳು ಮಂದವಾಗಿ ಉರಿಯುವ ಅಥವಾ ಮಿಣುಕುವ ಸಂಭವವಿದೆ. ಇದನ್ನು ದೆವ್ವದ ಕಾಟವೆಂದು ಭಾವಿಸಬೇಕಾಗಿಲ್ಲ.

ನಿಯಂತ್ರಕವನ್ನು ಒಪ್ಪಿಕೊಳ್ಳುವ ಮುನ್ನ ಪಂಚಾಯಿತಿಯು ಅದನ್ನು ಮೋಟಾರಿಗೆ ಜೋಡಿಸದೆ, ಕಾಂಟ್ಯಾಕ್ಟರಿನವರೆಗೆ ಮಾತ್ರ ಜೋಡಿಸಿ ಕೆಲವು ದಿನ ನಡೆಸಿ ನೋಡುವುದು ಒಳ್ಳೆಯದು. ಮೇನ್ ಸ್ವಿಚ್ಚನ್ನು ಹತ್ತಾರು ಬಾರಿ ಹಾಕಿ ತೆಗೆದು, ವಿದ್ಯುತ್ತು ಮರಳಿದಾಗ ಕಾಂಟ್ಯಾಕ್ಟರು 'ಟಕ್' ಎನ್ನದೆ ನಿಗದಿತ ಅವಧಿ ಕಾಯುತ್ತದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಫ್ಲೋಟಿನ ತಂತಿಯನ್ನು ಕಿತ್ತರೆ ಏನಾಗುತ್ತದೆ, ಮೊಬೈಲ್ ಸಿಗ್ನಲ್ ಹೋದರೆ ಏನಾಗುತ್ತದೆ ಎಂಬುದನ್ನು ತಯಾರಿಸಿದವರಿಂದಲೇ ಮಾಡಿ ತೋರಿಸಿಕೊಳ್ಳಬೇಕು. 230 ಮತ್ತು 415 ವೋಲ್ಟಿನ ಬದಿಯ ಜೋಡಣೆಯನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಹೊಂದಿದ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಪ್ರೋಗ್ರಾಮ್ ಬರೆದ ಯುವಕನ ಜಾಣ್ಮೆ ಆ ಪರವಾನಗಿಗೆ ಬದಲಿಯಲ್ಲ. ಜೋಡಣೆಯ ನಕ್ಷೆಯನ್ನು, ಕಾಯಿಲಿನ ವೋಲ್ಟೇಜು ಮತ್ತು ತಡೆಯ ಅವಧಿಯ ಸಹಿತ, ಒಂದು ಹಾಳೆಯಲ್ಲಿ ಬರೆಯಿಸಿ ಲ್ಯಾಮಿನೇಟ್ ಮಾಡಿಸಿ ಪ್ಯಾನಲ್ ಬೋರ್ಡಿನ ಬಾಗಿಲಿನ ಒಳಮೈಗೆ ಅಂಟಿಸಿರಬೇಕು. ಅದರ ಇನ್ನೊಂದು ಪ್ರತಿಯು ಪಂಚಾಯಿತಿ ಕಚೇರಿಯ ನೀರು ಸರಬರಾಜು ಕಡತದಲ್ಲಿರಬೇಕು. ಸಾಧನ ತಯಾರಿಸಿದವರು ಉದ್ಯೋಗಕ್ಕೆಂದು ಬೆಂಗಳೂರಿಗೆ ಹೊರಟುಹೋದ ಮೇಲೆ ಕೆಟ್ಟ ರಿಲೇಯನ್ನು ಬದಲಾಯಿಸಬೇಕಾದ ಎಲೆಕ್ಟ್ರಿಷಿಯನ್ನರಿಗೆ ದಾರಿ ತೋರಿಸುವುದು ಆ ಹಾಳೆಯೊಂದೇ.